ಗಡ್ಡೆಯ ಬುಡದಲ್ಲೇ ವಿಕಿರಣ

ಗರ್ಭಕಂಠದ ಕ್ಯಾನ್ಸರ್ ಆದ ಹೆಣ್ಣುಮಗಳಿಗೆ ಐದು ವಾರ ಹೊರಗಿನಿಂದ ಕರೆಂಟ್ (ವಿಕಿರಣ) ಕೊಡಿಸಿದ ಮೇಲೆ ಸಾಮಾನ್ಯವಾಗಿ ರಕ್ತ ಹೋಗುವುದು ನಿಲ್ಲುತ್ತದೆ, ನೋವೂ ಇಳಿಯುತ್ತದೆ. ಮನೆಯವರು ಗುಣವಾಯಿತು ಅಂದುಕೊಳ್ಳುತ್ತಾರೆ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆಯವರಾದರೆ ಅಥಣಿ ರಸ್ತೆ ಹಿಡಿದು ಮಿರಜ್‌ಗೋ, ಇಲ್ಲವೇ ಹುಬ್ಬಳ್ಳಿಗೋ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಅಲೆದು ಅಷ್ಟರಲ್ಲಿ ಸೋತಿರುತ್ತಾರೆ. ಆಗ ವೈದ್ಯರು, ‘ಇನ್ನು ಒಳಗಿನಿಂದ ಮೂರ್ನಾಲ್ಕು ಸಲ ಕೊಡಬೇಕು’ ಎನ್ನುತ್ತಾರೆ. ಇಲ್ಲಿ ಬಿಟ್ಟರೆ ಪಟ್ಟ ಪಾಡೆಲ್ಲ ವ್ಯರ್ಥವಾಗಬಹುದು. ಏಕೆಂದರೆ ಗಡ್ಡೆ ಕುಗ್ಗಿರುತ್ತದೆಯೇ ಹೊರತು ಸತ್ತಿರುವುದಿಲ್ಲ.

ಹೊರಗಿನ ಕಿರಣ ಇಡೀ ಕಿಬ್ಬೊಟ್ಟೆಯನ್ನು ಹಾದುಹೋಗುತ್ತದೆ. ದಾರಿಯಲ್ಲಿ ಕರುಳು, ಮೂತ್ರಕೋಶ, ಗುದನಾಳ ಎಲ್ಲವೂ ಸಿಗುತ್ತವೆ. ಅದಕ್ಕೇ ಸುಮಾರು 25 ಸಲದಲ್ಲಿ 45ರಿಂದ 50 ಗ್ರೇ (ವಿಕಿರಣದ ಅಳತೆ) ಪ್ರಮಾಣಕ್ಕೆ ನಿಲ್ಲಿಸುತ್ತಾರೆ. ಗಡ್ಡೆ ಪೂರ್ತಿ ನಾಶವಾಗಲು 80 ಗ್ರೇಗೂ ಮಿಕ್ಕಿ ಬೇಕು. ಉಳಿದದ್ದನ್ನು ಒಳಗಿನಿಂದಲೇ ಕೊಡಬೇಕು. ಈ ಚಿಕಿತ್ಸೆಯ ಹೆಸರು ಬ್ರಾಕಿಥೆರಪಿ.

ಇದರ ಬಲವಿರುವುದು ದೂರದ ಲೆಕ್ಕದಲ್ಲಿ. ಚಿಕ್ಕ ವಿಕಿರಣ ಮೂಲದಿಂದ 1 ಸೆಂಟಿಮೀಟರ್ ದೂರದಲ್ಲಿ ಎಷ್ಟು ವಿಕಿರಣ ಇರುತ್ತದೋ, 2 ಸೆಂಟಿಮೀಟರ್‌ನಲ್ಲಿ ಅದರ ಕಾಲುಭಾಗ, 4 ಸೆಂಟಿಮೀಟರ್‌ನಲ್ಲಿ ಹದಿನಾರರಲ್ಲಿ ಒಂದು ಪಾಲು. ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಹನಿ ನೀರಾವರಿ ಬಳ್ಳಿಯ ಬುಡಕ್ಕಷ್ಟೇ ನೀರುಣಿಸಿ ಸಾಲಿನ ನಡುವಿನ ನೆಲವನ್ನು ಒಣಗಿರಲು ಬಿಡುವಂತೆ, ಇಲ್ಲಿ ಗಡ್ಡೆಗೆ ಭಾರೀ ಪ್ರಮಾಣ, ಅಕ್ಕಪಕ್ಕಕ್ಕೆ ಅಲ್ಪ.

ಯಂತ್ರದೊಳಗೆ ಟಂಗ್‌ಸ್ಟನ್ ಲೋಹದ ಗೂಡಿನಲ್ಲಿ, ತಂತಿಯ ತುದಿಗೆ ಬೆಸೆದ ಇರಿಡಿಯಂ-192ರ ಕೆಲವೇ ಮಿಲಿಮೀಟರ್ ಉದ್ದದ ತುಣುಕು ಇರುತ್ತದೆ. ಮಹಿಳೆಗೆ ನೋವು ತಿಳಿಯದಂತೆ ಮದ್ದು ಕೊಟ್ಟು, ಗರ್ಭಕೋಶದೊಳಕ್ಕೆ ಒಂದು, ಗರ್ಭಕಂಠದ ಎರಡೂ ಬದಿಗೆ ಒಂದೊಂದು ಟೊಳ್ಳು ಕೊಳವೆ ಇಡುತ್ತಾರೆ. ಮುಂದಿನ ಮೂತ್ರಕೋಶವನ್ನೂ ಹಿಂದಿನ ಗುದನಾಳವನ್ನೂ ಆದಷ್ಟು ದೂರ ಸರಿಸಲು ಗಾಜ್ ಬಟ್ಟೆ ತುಂಬುತ್ತಾರೆ. ಈ ತುಂಬುವ ಕೆಲಸ ಚೆನ್ನಾಗಿ ಆಗಬೇಕು, ಅರ್ಧ ಸೆಂಟಿಮೀಟರ್ ಸರಿದರೂ ಗುದನಾಳಕ್ಕೆ ಬೀಳುವ ಪೆಟ್ಟು ಎಷ್ಟೋ ಕಡಿಮೆಯಾಗುತ್ತದೆ. ಎಲ್ಲರೂ ಕೋಣೆಯಿಂದ ಹೊರಬಂದ ಮೇಲೆ ಮೊದಲು ಬರಿಯ ತಂತಿ ಹೋಗಿ ದಾರಿ ಪರೀಕ್ಷಿಸುತ್ತದೆ. ಆಮೇಲೆ ಇರಿಡಿಯಂ ಹೋಗಿ ಒಂದೊಂದು ಜಾಗದಲ್ಲಿ ಲೆಕ್ಕ ಹಾಕಿದಷ್ಟು ಸೆಕೆಂಡು ನಿಂತು ಮರಳುತ್ತದೆ. ಹತ್ತು ಹದಿನೈದು ನಿಮಿಷದ ಕೆಲಸ. ಇರಿಡಿಯಂ 74 ದಿನಕ್ಕೆ ಅರ್ಧ ಶಕ್ತಿ ಕಳೆದುಕೊಳ್ಳುವುದರಿಂದ ಮೂರ್ನಾಲ್ಕು ತಿಂಗಳಿಗೊಮ್ಮೆ ಹೊಸ ತುಣುಕು ಹಾಕಬೇಕು.

ಚಿಕಿತ್ಸೆ ಮುಗಿಸಿ ಬಂದ ತಾಯಿಯ ಹತ್ತಿರ ಮೊಮ್ಮಕ್ಕಳನ್ನು ಬಿಡದ ಮನೆಗಳಿವೆ. ಅದು ಅನ್ಯಾಯ. ತುಣುಕು ಯಂತ್ರಕ್ಕೆ ಮರಳಿದ ಕ್ಷಣದಿಂದ ಆಕೆಯ ಮೈಯಲ್ಲಿ ಲೇಶವೂ ವಿಕಿರಣ ಇರುವುದಿಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ನುಂಗಿಸುವ ಅಯೋಡಿನ್-131ರ ಸಂಗತಿ ಬೇರೆ, ಅದನ್ನು ತೆಗೆದುಕೊಂಡವರು ಕೆಲವು ದಿನ ದೂರ ಇರಲೇಬೇಕು.

ಒಳಗೆ ನಡೆಯುವುದೇನು? ವಿಕಿರಣ ಜೀವಕೋಶದ ನೀರನ್ನು ಒಡೆದು, ಹುಟ್ಟಿದ ಉಗ್ರ ಕಣಗಳ ಮೂಲಕವೂ ನೇರವಾಗಿಯೂ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಆರೋಗ್ಯವಂತ ಕೋಶಗಳು ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವಿನ ಬಿಡುವಿನಲ್ಲಿ ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಿಗೆ ಆ ಶಕ್ತಿ ಕಡಿಮೆ. ಅವು ಹೆಚ್ಚಾಗಿ ಸಾಯುವುದು ಮುಂದೆ ಇಬ್ಭಾಗವಾಗಲು ಹೋದಾಗ, ಹಾಗಾಗಿ ಗಡ್ಡೆ ಕರಗಲು ವಾರಗಳೇ ಬೇಕು. ಆಮ್ಲಜನಕವೂ ಬೇಕು. ಅದಿಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾಗುತ್ತದೆ. ತಿಂಗಳುಗಟ್ಟಲೆ ರಕ್ತ ಕಳೆದುಕೊಂಡ ಹೆಂಗಸಿಗೆ ವೈದ್ಯರು ರಕ್ತ ಏರಿಸುವುದರ ಹಿಂದೆ ಈ ಕಾರಣವೂ ಇದೆ.

ತೊಂದರೆಗಳಿಲ್ಲವೆಂದಲ್ಲ. ಉರಿಮೂತ್ರ, ಭೇದಿ ಬರಬಹುದು. ಕೆಲವರಿಗೆ ತಿಂಗಳುಗಳ ನಂತರ ಗುದದಿಂದ ರಕ್ತ ಬೀಳಬಹುದು. ಯೋನಿಮಾರ್ಗ ಕಿರಿದಾಗಬಹುದು, ಅದಕ್ಕೆ ಹಿಗ್ಗಿಸುವ ಸಾಧನವಿದೆ. ಇದನ್ನು ನಾಚಿಕೊಳ್ಳದೆ ಕೇಳಬೇಕು, ವೈದ್ಯರೂ ಕೇಳದೆಯೇ ಹೇಳಬೇಕು.

ಹೊರಗಿನದು, ಒಳಗಿನದು ಎರಡೂ ಸೇರಿ ಎಂಟು ವಾರಗಳೊಳಗೆ ಮುಗಿಯಬೇಕು. ತಡವಾದಷ್ಟೂ ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ. ಆದ್ದರಿಂದ ಹೊರಗಿನ ಚಿಕಿತ್ಸೆ ಶುರುವಾದ ದಿನವೇ ಒಳಗಿನದು ಎಲ್ಲಿ, ಯಾವ ತಾರೀಖಿಗೆ ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನೆರವಿದೆ. ಆ ಯೋಜನೆಯ ಕಾರ್ಡನ್ನೂ ಮೊದಲ ದಿನವೇ ಜೊತೆಗೆ ಒಯ್ಯಿರಿ.