ಗುಳೆಯ ಎರಡು ಪ್ರಶ್ನೆಗಳು: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಹೊರವಲಸೆ

೧. ಪೀಠಿಕೆ

ದೀಪಾವಳಿ ಕಳೆದು ಕಾಲೇಜು ಮತ್ತೆ ತೆರೆದಾಗ, ಈ ಭಾಗದ ಅಧ್ಯಾಪಕರೆಲ್ಲರಿಗೂ ಪರಿಚಿತವಾದ ಸಂಗತಿಯೊಂದು ನಡೆಯುತ್ತದೆ. ಹಾಜರಿ ಕೂಗುವಾಗ ಕೆಲವು ಹೆಸರುಗಳಿಗೆ ಉತ್ತರ ಬರುವುದಿಲ್ಲ. ಕಾರಣ ಕೇಳಿದರೆ ಪಕ್ಕದಲ್ಲಿ ಕುಳಿತವನು ‘ದುಡಿಯಾಕ ಹೋಗ್ಯಾನ್ರಿ ಸರ್’ ಎನ್ನುತ್ತಾನೆ. ಎಲ್ಲಿಗೆ ಎಂದರೆ ಗೋವೆ, ಪುಣೆ, ಮುಂಬಯಿ, ಸಾಂಗಲಿ ಇವುಗಳಲ್ಲಿ ಒಂದರ ಹೆಸರು ಬರುತ್ತದೆ. ಏಕೆ ಹೋದನೆಂದು ಯಾರೂ ಕೇಳುವುದಿಲ್ಲ. ‘ಬರಗಾಲದ ಸೀಮೆ’ ಎಂಬ ಮಾತೇ ಅದಕ್ಕೆ ಸಾಕಾದ ಉತ್ತರವೆಂದು ನಾವು ಭಾವಿಸಿದ್ದೇವೆ. ಆ ಉತ್ತರ ಸಾಲದೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಲಸೆಯ ವಿಚಾರದಲ್ಲಿ ಎರಡು ಪ್ರಶ್ನೆಗಳಿವೆ. ಜನರು ಊರನ್ನು ಏಕೆ ಬಿಡುತ್ತಾರೆ ಎಂಬುದು ಮೊದಲನೆಯದು. ಬಿಟ್ಟವರು ಇಂಥ ಕಡೆಗೇ ಏಕೆ ಹೋಗುತ್ತಾರೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರವನ್ನು ಭೂಮಿ ಮತ್ತು ದುಡಿಮೆಯ ಕಾಲಕ್ರಮದಲ್ಲಿ ಹುಡುಕಬೇಕು. ಎರಡನೆಯದಕ್ಕೆ ಇತಿಹಾಸದಲ್ಲಿ ಹುಡುಕಬೇಕು. ಇವೆರಡನ್ನೂ ಒಂದೇ ಎಂದು ಬಗೆದಲ್ಲಿ ವಲಸೆಯ ಸ್ವರೂಪವೂ ತಿಳಿಯದು, ಅದಕ್ಕೆ ಪರಿಹಾರವೂ ತೋರದು.

ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಮುಂತಾದವು ಈಗ ಪ್ರತ್ಯೇಕ ತಾಲೂಕುಗಳಾಗಿವೆ. ಈ ಲೇಖನದಲ್ಲಿ ನಾಲ್ಕು ತಾಲೂಕುಗಳೆಂದರೆ ಅವುಗಳ ಹಳೆಯ ವಿಸ್ತಾರವೆಂದೇ ತಿಳಿಯಬೇಕು.

೨. ಎರಡು ಹೊಳೆಗಳ ನಡುವಿನ ನೆಲ

ಇಂಡಿ, ಸಿಂದಗಿಗಳ ಉತ್ತರಕ್ಕೆ ಭೀಮಾ ನದಿ. ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ದಕ್ಷಿಣಕ್ಕೆ ಕೃಷ್ಣೆ. ಎರಡು ದೊಡ್ಡ ಹೊಳೆಗಳ ನಡುವೆ ಇದ್ದೂ ಈ ನೆಲ ಬಹುಕಾಲ ಮಳೆಯನ್ನೇ ನಂಬಿ ಬದುಕಿತು. ವರ್ಷದ ಸರಾಸರಿ ಮಳೆ ೬೦೦ ಮಿಲಿಮೀಟರಿನ ಆಸುಪಾಸಿನಲ್ಲಿದೆ. ಅದೂ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುತ್ತದೆ. ಡೋಣಿ ನದಿಯ ಎರಡೂ ದಂಡೆಗಳ ಎರೆಭೂಮಿ ಬೆಳೆದರೆ ಉಣ್ಣುವವರಿಗೆ ಹೆಚ್ಚು, ಬೆಳೆಯದಿದ್ದರೆ ಬಿತ್ತಿದವನಿಗೂ ಇಲ್ಲ ಎಂಬ ಅರ್ಥದ ನಾಣ್ಣುಡಿ ಹುಟ್ಟಿದ್ದು ಈ ಅನಿಶ್ಚಿತತೆಯಿಂದಲೇ. ಹೊಳೆಯಿಂದ ದೂರ ಸರಿದಂತೆ ಎರೆ ತೆಳುವಾಗಿ ಕಲ್ಲುಮಡ್ಡಿ ಮೊದಲಾಗುತ್ತದೆ. ಲಂಬಾಣಿ ತಾಂಡೆಗಳಲ್ಲಿ ಹಲವು ಇರುವುದು ಇಂಥ ಮಡ್ಡಿಯ ಮೇಲೆಯೇ. ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದಖ್ಖನವನ್ನೆಲ್ಲ ಸುತ್ತಿದ ಈ ಜನರ ವ್ಯಾಪಾರವು ೧೯ನೆಯ ಶತಮಾನದಲ್ಲಿ ಬಂಡಿರಸ್ತೆ ಮತ್ತು ರೈಲುಗಳು ಬಂದಾಗ ಮುರಿಯಿತು. ನೆಲೆ ನಿಲ್ಲುವ ಹೊತ್ತಿಗೆ ಒಳ್ಳೆಯ ಭೂಮಿ ಇತರರ ಕೈಯಲ್ಲಿತ್ತು.

ಬರಗಾಲದ ನೆನಪು ಇಲ್ಲಿ ಹಳೆಯದು. ೧೭೯೧–೯೨ರ ಬರಕ್ಕೆ ತಲೆಬುರುಡೆಗಳ ಬರವೆಂದೇ ಹೆಸರಾಯಿತು. ೧೮೭೬–೭೮ರ ಮಹಾಕ್ಷಾಮವು ಆಗಿನ ಕಲಾದಗಿ ಜಿಲ್ಲೆಯನ್ನು ಅತ್ಯಂತ ಭೀಕರವಾಗಿ ತಟ್ಟಿತು. ೧೮೭೨ರ ಗಣತಿಯಲ್ಲಿ ಸುಮಾರು ಎಂಟು ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ ೧೮೮೧ರಲ್ಲಿ ಆರು ಲಕ್ಷ ನಲವತ್ತು ಸಾವಿರಕ್ಕೂ ಕೆಳಗೆ ಇಳಿಯಿತು. ಸತ್ತವರೊಡನೆ ಊರು ಬಿಟ್ಟು ಹೋದವರೂ ಈ ಕೊರತೆಯಲ್ಲಿ ಸೇರಿದ್ದಾರೆ. ಹತ್ತು ವರ್ಷಗಳ ತರುವಾಯ, ೧೮೯೧ರಲ್ಲಿ, ಸಂಖ್ಯೆ ಮತ್ತೆ ಎಂಟು ಲಕ್ಷದ ಸಮೀಪಕ್ಕೆ ಬಂದಿತೆಂಬುದನ್ನೂ ಗಮನಿಸಬೇಕು.

ಬರ ಬಿದ್ದಾಗ ಜನ ಹೋಗುವುದು ಸಹಜ. ಆದರೆ ಇಂದಿನ ಗುಳೆ ಬರಗಾಲಕ್ಕೆ ಕಾಯುವುದಿಲ್ಲ. ಮಳೆ ಚೆನ್ನಾಗಿ ಆದ ವರ್ಷದಲ್ಲಿಯೂ ತಾಂಡೆಗಳಿಂದ ಟ್ರ್ಯಾಕ್ಟರುಗಳು ಹೊರಡುತ್ತವೆ. ಆದುದರಿಂದ ಕಾರಣವನ್ನು ಮಳೆಯ ಕೊರತೆಯೊಂದರಲ್ಲಿಯೇ ಕಾಣುವುದು ಸರಿಯಾಗದು.

ಇದಕ್ಕೆ ಸಮಾನವಾದ ದೃಷ್ಟಾಂತ ಅಮೇರಿಕೆಯ ಇತಿಹಾಸದಲ್ಲಿದೆ. ೧೯೩೦ರ ದಶಕದಲ್ಲಿ ಅಲ್ಲಿಯ ನಡುನಾಡಿನ ಬಯಲು ಸೀಮೆಯಲ್ಲಿ ಮಳೆ ಹೋಗಿ, ಉತ್ತ ಭೂಮಿಯ ಮಣ್ಣು ಗಾಳಿಗೆ ಎದ್ದು ಧೂಳಿನ ಬಿರುಗಾಳಿಯಾಯಿತು. ಓಕ್ಲಹೋಮಾ, ಟೆಕ್ಸಾಸ್, ಅರ್ಕನ್ಸಾಸ್ ರಾಜ್ಯಗಳಿಂದ ಲಕ್ಷಾಂತರ ಜನ ಕ್ಯಾಲಿಫೋರ್ನಿಯಾದ ಕಡೆಗೆ ಹೊರಟರು. ಧೂಳೇ ಅವರನ್ನು ಓಡಿಸಿತೆಂದು ಲೋಕ ನಂಬಿತು. ಆದರೆ ಹಾಗೆ ಹೊರಟವರಲ್ಲಿ ಬಹುಸಂಖ್ಯಾತರು ಧೂಳೆದ್ದ ಪ್ರದೇಶದವರಲ್ಲವೆಂಬುದನ್ನು ಮುಂದಿನ ಇತಿಹಾಸಕಾರರು ತೋರಿಸಿಕೊಟ್ಟರು. ಹತ್ತಿಯ ಬೆಲೆ ಕುಸಿದು, ಟ್ರ್ಯಾಕ್ಟರು ಬಂದು, ಒಡೆಯರು ಬಿಡಿಸಿದ ಗೇಣಿದಾರರೇ ಅವರಲ್ಲಿ ಹೆಚ್ಚಾಗಿದ್ದರು. ಕಣ್ಣಿಗೆ ಕಾಣುವ ವಿಪತ್ತು ಬೇರೆ, ಕೂಲಿಯನ್ನು ಕಸಿಯುವ ವ್ಯವಸ್ಥೆ ಬೇರೆ.

೩. ದುಡಿಮೆಯ ಪಂಚಾಂಗ

ನಮ್ಮಲ್ಲಿ ಆ ವ್ಯವಸ್ಥೆ ಯಾವುದು? ಎರೆಭೂಮಿಯ ಮುಖ್ಯ ಬೆಳೆಯಾದ ಹಿಂಗಾರಿ ಬಿಳಿಜೋಳವನ್ನು ನೋಡೋಣ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಜೋಳವು ನೆಲದಲ್ಲಿ ಉಳಿದ ಹಸಿಯ ಮೇಲೆಯೇ ಬೆಳೆಯುತ್ತದೆ. ಒಂದೆರಡು ಸಲ ಎಡೆ ಹೊಡೆದ ಮೇಲೆ ಫೆಬ್ರವರಿಯ ಸುಗ್ಗಿಯವರೆಗೆ ಅದಕ್ಕೆ ಆಳುಗಳ ಕೆಲಸ ಬಹು ಕಡಿಮೆ. ಇತ್ತೀಚಿಗೆ ತೊಗರಿ, ಕಡಲೆಗಳು ಹೆಚ್ಚಿವೆಯಾದರೂ ಅವುಗಳ ಕೊಯ್ಲು ಕೆಲವು ದಿನಗಳಲ್ಲಿ ಮುಗಿಯುತ್ತದೆ. ಸುಗ್ಗಿಯಾದ ಮೇಲೆ ಜೂನಿನವರೆಗೆ ಹೊಲದಲ್ಲಿ ಕೆಲಸವೇ ಇಲ್ಲ. ಅಂದರೆ ಹೊಲ ಹಸುರಾಗಿ ನಿಂತಿರುವಾಗಲೂ ಕೂಲಿಕಾರನ ಕೈ ಬರಿದಾಗಿರುತ್ತದೆ. ಜಮೀನುದಾರನು ಬೆಳೆಯನ್ನು ಕಾಯಬಲ್ಲನು, ಕೂಲಿಯವನು ಕಾಯಲಾರನು.

ಇದೇ ನವೆಂಬರಿನ ಸುಮಾರಿಗೆ ಸಾಂಗಲಿ, ಕೊಲ್ಹಾಪುರ, ಸಾತಾರೆಗಳ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ಹಂಗಾಮು ಆರಂಭವಾಗಿ ಮಾರ್ಚ್–ಏಪ್ರಿಲಿನವರೆಗೆ ನಡೆಯುತ್ತದೆ. ಗೋವೆಯಲ್ಲಿ ಮಳೆಗಾಲದ ಭಾರೀ ಮಳೆ ನಿಂತು ಮನೆ ಕಟ್ಟುವ ಕೆಲಸ ಚುರುಕಾಗುವುದೂ ಆಗಲೇ. ಜೂನಿನಲ್ಲಿ ಕರಾವಳಿಯ ಮಳೆ ಆ ಕೆಲಸವನ್ನು ನಿಧಾನಗೊಳಿಸುವ ಹೊತ್ತಿಗೆ ಇಲ್ಲಿ ಮುಂಗಾರಿಯ ಬಿತ್ತನೆ ಕರೆಯುತ್ತದೆ. ಹೀಗೆ ಒಂದು ಸೀಮೆಯ ಬಿಡುವು ಇನ್ನೊಂದು ಸೀಮೆಯ ದುಡಿಮೆಗೆ ಸರಿಯಾಗಿ ಹೊಂದಿಕೊಂಡಿದೆ. ಗುಳೆಯು ಪ್ರತಿವರ್ಷ ಮರುಕಳಿಸುವುದಕ್ಕೆ ಈ ಹೊಂದಾಣಿಕೆಯೇ ಮೂಲಕಾರಣವೆಂದು ನಮ್ಮ ಅಭಿಪ್ರಾಯ. ಬರಗಾಲವು ಹೋಗುವವರ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಹೋಗುವ ಪದ್ಧತಿಯನ್ನು ಅದು ನಿರ್ಮಿಸಿದ್ದಲ್ಲ.

ಇದಕ್ಕೆ ಮುಂಗಡದ ಕಟ್ಟು ಸೇರುತ್ತದೆ. ಹಂಗಾಮಿಗೆ ಮೊದಲೇ ಮುಕಾದಮನು ಊರಿಗೆ ಬಂದು ಹಣ ಕೊಡುತ್ತಾನೆ. ಆ ಹಣ ಮದುವೆಗೋ, ಆಸ್ಪತ್ರೆಗೋ, ಹಳೆಯ ಸಾಲಕ್ಕೋ ಖರ್ಚಾಗುತ್ತದೆ. ತೀರಿಸುವುದು ಕಬ್ಬಿನ ಗದ್ದೆಯಲ್ಲಿ. ಗಂಡಹೆಂಡಿರ ಜೋಡಿಯನ್ನು ಒಂದು ‘ಕೊಯ್ತಾ’ ಎಂದು ಎಣಿಸುವ ರೂಢಿ ಮಹಾರಾಷ್ಟ್ರದಲ್ಲಿದೆ. ಕೊಯ್ತಾ ಎಂದರೆ ಕುಡುಗೋಲು. ಇಬ್ಬರು ಮನುಷ್ಯರು ಲೆಕ್ಕದಲ್ಲಿ ಒಂದು ಆಯುಧವಾಗುವ ಈ ಪರಿಭಾಷೆಯಲ್ಲಿ ಹೆಂಡತಿಯ ದುಡಿಮೆಗೆ ಬೇರೆ ಹೆಸರಿಲ್ಲ, ಜೊತೆಗೆ ಹೋದ ಮಕ್ಕಳಿಗೆ ಲೆಕ್ಕವೇ ಇಲ್ಲ.

೪. ದಾರಿಯ ಇತಿಹಾಸ

ಇನ್ನು ಎರಡನೆಯ ಪ್ರಶ್ನೆ. ಬೆಂಗಳೂರಿಗಿಂತ ಮೊದಲು ಈ ಜನರಿಗೆ ಸೊಲ್ಲಾಪುರ, ಮುಂಬಯಿಗಳು ಹತ್ತಿರವಾದದ್ದು ಹೇಗೆ? ೧೯೫೬ರ ನವೆಂಬರ್ ೧ರವರೆಗೆ ಬಿಜಾಪುರ ಜಿಲ್ಲೆ ಮುಂಬಯಿ ಆಡಳಿತದಲ್ಲಿಯೇ ಇತ್ತು. ಕಚೇರಿ, ಕಾನೂನು, ಪೇಟೆಗಳೆಲ್ಲವೂ ಪಶ್ಚಿಮಕ್ಕೆ ಮುಖ ಮಾಡಿದ್ದವು. ಸೊಲ್ಲಾಪುರಕ್ಕೆ ೧೮೬೦ರಲ್ಲಿ ರೈಲು ಬಂದಿತು. ೧೮೭೦ರ ದಶಕದಲ್ಲಿ ಹತ್ತಿಯ ಗಿರಣಿ ತೆರೆಯಿತು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಕನ್ನಡವೇ ಮನೆಮಾತಾಗಿರುವ ಊರುಗಳು ಅನೇಕ. ಆದುದರಿಂದ ಭೀಮೆಯನ್ನು ದಾಟಿದ ಇಂಡಿಯ ಕೂಲಿಕಾರನು ಪರನಾಡಿಗೆ ಹೋದಂತಾಗಲಿಲ್ಲ.

೧೮೭೬–೭೮ರ ಕ್ಷಾಮದ ಅನುಭವದಿಂದ ಸರಕಾರವು ಬರಪೀಡಿತ ಜಿಲ್ಲೆಗಳಿಗೆ ರೈಲುಮಾರ್ಗದ ಅವಶ್ಯಕತೆಯನ್ನು ಮನಗಂಡಿತು. ೧೮೮೨ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆಯ ಹೋಟಗಿ–ಗದಗ ಮಾರ್ಗವು ಆ ದಶಕದಲ್ಲಿಯೇ ಬಿಜಾಪುರವನ್ನು ಮುಂಬಯಿಯ ಹೆದ್ದಾರಿಗೆ ಕೂಡಿಸಿತು. ‘ಇಂಡಿ ರೋಡ್’, ‘ಬಸವನ ಬಾಗೇವಾಡಿ ರೋಡ್’ ಎಂಬ ನಿಲ್ದಾಣಗಳು ಅದರ ಗುರುತು. ಕ್ಷಾಮಕಾಲದಲ್ಲಿ ಧಾನ್ಯವನ್ನು ಒಳಗೆ ತರಲೆಂದು ಹಾಕಿದ ಹಳಿಗಳು ಜನರನ್ನು ಹೊರಗೆ ಒಯ್ಯುವುದಕ್ಕೂ ಒದಗಿದವು. ಅಮೇರಿಕೆಯಲ್ಲಿ ೧೯೧೦ರಿಂದ ೧೯೭೦ರವರೆಗೆ ದಕ್ಷಿಣದ ರಾಜ್ಯಗಳನ್ನು ಬಿಟ್ಟ ಸುಮಾರು ೬೦ ಲಕ್ಷ ಕರಿಯ ಜನರ ದಾರಿಯೂ ಹೀಗೆಯೇ. ಮಿಸಿಸಿಪ್ಪಿಯವರು ಶಿಕಾಗೋ ನಗರಕ್ಕೆ ಹೆಚ್ಚಾಗಿ ಹೋದದ್ದಕ್ಕೆ ಇಲಿನಾಯ್ ಸೆಂಟ್ರಲ್ ರೈಲುಮಾರ್ಗವೇ ಒಂದು ಪ್ರಮುಖ ಕಾರಣ. ಮೊದಲು ಹೋದವನು ನೆಲೆ ಮಾಡಿದಲ್ಲಿಗೆ ಅಳಿಯನೂ ತಮ್ಮನೂ ಹೋಗುತ್ತಾರೆ, ದಾರಿಯು ಬಳಗವಾಗುತ್ತದೆ.

ಗೋವೆಯ ದಾರಿ ಈಚಿನದು. ೧೯೬೧ರ ಡಿಸೆಂಬರಿನಲ್ಲಿ ಗೋವೆ ಪೋರ್ಚುಗೀಜರಿಂದ ವಿಮೋಚನೆ ಹೊಂದಿದ ಮೇಲೆ ಅಲ್ಲಿ ರಸ್ತೆ, ಬಂದರು, ಕಟ್ಟಡಗಳ ಕೆಲಸ ಬೆಳೆಯಿತು. ಗೋವೆಯವರು ಸ್ವತಃ ಹಿಂದೆ ಮುಂಬಯಿಗೆ, ಅನಂತರ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು. ಅವರು ಬಿಟ್ಟ ಕೂಲಿಯ ಕೆಲಸಕ್ಕೆ ನಮ್ಮವರು ಹೋದರು. ವಾಸ್ಕೋ, ಮಡಗಾಂವ, ಮಾಪುಸಾಗಳಲ್ಲಿ ಕನ್ನಡ ಕೇಳಿಸುವುದು ಈ ಸರಪಳಿಯಿಂದ. ಮುಂಬಯಿಯ ಗಿರಣಿಗಳು ೧೯೮೨ರ ದೀರ್ಘ ಮುಷ್ಕರದ ತರುವಾಯ ಕ್ಷೀಣಿಸಿದವು. ಸೊಲ್ಲಾಪುರದ ಹಳೆಯ ಗಿರಣಿಗಳೂ ಮುಚ್ಚಿದವು. ಆದರೆ ದಾರಿ ಅಳಿಯಲಿಲ್ಲ, ಕೆಲಸ ಮಾತ್ರ ಬದಲಾಯಿತು.

೫. ಗಡಿ ಮತ್ತು ಗಣತಿ

ದಾರಿ ಹಳೆಯದು, ಗಡಿ ಹೊಸದು. ೧೯೫೬ರ ರಾಜ್ಯ ಪುನರ್ವಿಂಗಡಣೆಯಿಂದ ಕನ್ನಡ ಜನರ ಬಹುದಿನದ ಬಯಕೆ ಕೈಗೂಡಿತು. ಅದರ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಂದಿನಿಂದ, ಅಜ್ಜನು ನಡೆದ ದಾರಿಯಲ್ಲಿಯೇ ನಡೆದ ಮೊಮ್ಮಗನು ಪರರಾಜ್ಯದವನಾದನು. ಗೋವೆಯಲ್ಲಿ ‘ಘಾಟಿ’ ಎಂಬ ಹೀನಾಯದ ಮಾತನ್ನು ಕೇಳಿಸಿಕೊಂಡನು. ಸಂವಿಧಾನದ ೧೯ನೆಯ ವಿಧಿಯು ದೇಶದಲ್ಲಿ ಎಲ್ಲಿಯಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು ಕೊಟ್ಟಿದೆ. ಅಮೇರಿಕೆಯಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಪರರಾಜ್ಯದ ಬಡವರನ್ನು ಒಳಗೆ ಕರೆತರುವುದನ್ನೇ ಅಪರಾಧವೆಂದು ಎಣಿಸಿದಾಗ, ೧೯೪೧ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಆ ಕಾನೂನನ್ನು ರದ್ದುಪಡಿಸಿತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಆದರೂ ಮತದಾನದ ದಿನ, ಮಗುವನ್ನು ಶಾಲೆಗೆ ಸೇರಿಸುವ ದಿನ ಗಡಿಯ ಅನುಭವವಾಗುತ್ತದೆ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ೧೯೭೯ರಲ್ಲಿಯೇ ಬಂದರೂ, ೨೦೨೦ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಎಷ್ಟು ಜನ ಎಲ್ಲಿದ್ದಾರೆಂಬ ಪೂರ್ಣ ಲೆಕ್ಕ ಸರಕಾರಗಳ ಬಳಿ ಇರಲಿಲ್ಲ.

ಲೆಕ್ಕವಿಲ್ಲದಿರುವುದಕ್ಕೆ ಇನ್ನೊಂದು ಕಾರಣವನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು. ನಮ್ಮ ಜನಗಣತಿಯು ೧೮೮೧ರಿಂದ ಬಹುತೇಕ ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ ನಡೆದಿದೆ. ೨೦೧೧ರ ಗಣತಿಯೂ ಫೆಬ್ರವರಿಯಲ್ಲಿ ನಡೆಯಿತು. ಗುಳೆ ಹೋದವರು ಊರಲ್ಲಿರದ ಕಾಲವೇ ಅದು. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರುವ ಮನುಷ್ಯನು ಇಂಥ ಗಣತಿಯ ಚೌಕಟ್ಟಿನಲ್ಲಿ ಸರಿಯಾಗಿ ಕೂಡುವುದಿಲ್ಲ.

೬. ಉಪಸಂಹಾರ

ನೀರು ಬಂದರೆ ಗುಳೆ ನಿಲ್ಲುವುದೇ? ಆಲಮಟ್ಟಿಯ ಅಣೆಕಟ್ಟಿಗೆ ೧೯೬೪ರಲ್ಲಿ ಅಡಿಗಲ್ಲು ಬಿದ್ದು, ೨೦೦೬ರಲ್ಲಿ ಅದು ಲೋಕಾರ್ಪಣೆಯಾಯಿತು. ನಡುವೆ ನಾಲ್ವತ್ತೆರಡು ವರ್ಷ. ಅಂದರೆ ಎರಡು ತಲೆಮಾರು ಗುಳೆ ಹೋಗಿ ಬಂದಿತು. ನಾರಾಯಣಪುರದ ಎಡದಂಡೆಯಿಂದ ಇಂಡಿ ಶಾಖಾ ಕಾಲುವೆ, ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿಗಳು ಅನೇಕ ಹಳ್ಳಿಗಳ ಮುಖವನ್ನು ಬದಲಿಸಿವೆ. ಆದರೆ ನೀರು ಮೊದಲು ಭೂಮಿಯಿದ್ದವನಿಗೆ ಸಲ್ಲುತ್ತದೆ. ಕರ್ನಾಟಕದ ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಗುಂಪುಗಳು ಬರುತ್ತವೆ. ನಮ್ಮ ತಾಂಡೆಯವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಕೆಲಸದ ಅಭಾವವೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಮುಂಗಡವೂ ಹಳೆಯ ದಾರಿಯೂ ಇಲ್ಲಿ ತಮ್ಮ ಬಲವನ್ನು ತೋರಿಸುತ್ತವೆ.

ಇದಕ್ಕೆ ಪ್ರತಿಯಾಗಿ ೨೦೨೩ರಲ್ಲಿ ಭೌಗೋಳಿಕ ಸೂಚಕ ಮನ್ನಣೆ ಪಡೆದ ಇಂಡಿಯ ನಿಂಬೆಯನ್ನು ನೋಡಬಹುದು. ನಿಂಬೆಯ ತೋಟದಲ್ಲಿ ಕಾಯಿ ಬಿಡಿಸುವ ಕೆಲಸ ವರ್ಷದ ಬಹುಭಾಗಕ್ಕೆ ಹರಡಿರುತ್ತದೆ. ಕೂಲಿಕಾರನನ್ನು ಊರಲ್ಲಿ ನಿಲ್ಲಿಸಬಲ್ಲದ್ದು ಬೆಳೆಯ ಹೇರಳತೆಗಿಂತ ಹೆಚ್ಚಾಗಿ ದುಡಿಮೆಯ ಹರವು. ೨೦೦೫ರ ಉದ್ಯೋಗ ಖಾತರಿ ಕಾಯ್ದೆ ವರ್ಷಕ್ಕೆ ೧೦೦ ದಿನಗಳ ಭರವಸೆ ನೀಡಿದಾಗಲೂ ಕೇಳಬೇಕಾಗಿದ್ದ ಪ್ರಶ್ನೆ ಇದೇ: ಎಷ್ಟು ದಿನ ಎಂಬುದರ ಜೊತೆಗೆ, ಯಾವ ತಿಂಗಳು? ನವೆಂಬರಿನಲ್ಲಿ ಸಿಗುವ ಕೂಲಿ, ಮುಕಾದಮನ ಮುಂಗಡಕ್ಕೆ ಮೊದಲೇ ಸಿಗುವ ಸಾಲ, ಇವೆರಡೂ ಸೇರಿದಾಗ ಹೋಗುವುದು ನಿರ್ಬಂಧವಾಗದೆ ಆಯ್ಕೆಯಾದೀತು. ಆಯ್ಕೆಯಿಂದ ಹೋಗುವವರನ್ನು ತಡೆಯುವ ಕಾರಣವೂ ಇಲ್ಲ, ಅಧಿಕಾರವೂ ಯಾರಿಗಿಲ್ಲ.

ಕೊನೆಯದಾಗಿ ನಮ್ಮ ಕೈಯಲ್ಲಿಯೇ ಇರುವ ಒಂದು ಕೆಲಸ. ಮಳೆಯ ಲೆಕ್ಕ, ಕಂದಾಯದ ಲೆಕ್ಕ ತಾಲೂಕಿನ ದಫ್ತರಗಳಲ್ಲಿ ಸಿಗುತ್ತವೆ. ಹೋದವರ ಲೆಕ್ಕ ಮನೆಮನೆಯ ನೆನಪಿನಲ್ಲಿದೆ. ಯಾವ ವರ್ಷ, ಯಾವ ತಿಂಗಳು, ಯಾರ ಸಂಗಡ, ಎಷ್ಟು ಮುಂಗಡಕ್ಕೆ ಹೋದೆವೆಂಬುದನ್ನು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಮೊಮ್ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಗೈರುಹಾಜರಾಗಿ ಜೂನಿನಲ್ಲಿ ಮರಳಿದ ಹುಡುಗನಿಗೆ ದಂಡ ಹಾಕುವುದಕ್ಕೆ ಮೊದಲು ಅವನ ಕೈಗೆ ಒಂದು ವಹಿ ಕೊಟ್ಟು ಇದನ್ನು ಬರೆದು ತರಲು ಹೇಳಿದರೆ, ಈ ಜಿಲ್ಲೆಯ ಇತಿಹಾಸದಲ್ಲಿ ಇದುವರೆಗೆ ಬರೆಯದೆ ಉಳಿದ ಅಧ್ಯಾಯವೊಂದು ದೊರಕೀತು. ಅದನ್ನು ಬರೆಯಲು ಅವನಿಗಿಂತ ಅಧಿಕಾರವುಳ್ಳವರು ಯಾರೂ ಇಲ್ಲ.