ಶಿವರಾತ್ರಿಯಿಂದ ಯುಗಾದಿಯವರೆಗೆ ಮನೆಯ ತಾಟಿಗೆ ಹಸಿರು ಪಲ್ಲೆ



ಸಂಕ್ರಮಣ ಮುಗಿದು ಥಂಡಿ ಇಳಿಯತೊಡಗಿತೆಂದರೆ ಹಿಂದಿನ ಸಂಪಗಾಂವ ತಾಲೂಕಿನ ಬೈಲಹೊಂಗಲ, ಕಿತ್ತೂರು ಭಾಗದಲ್ಲಿಯೂ ಅದರ ಮೂಡಣದ ಸವದತ್ತಿ, ರಾಮದುರ್ಗಗಳಲ್ಲಿಯೂ ಹಿಂಗಾರಿ ಸುಗ್ಗಿ ಆರಂಭವಾಗುತ್ತದೆ. ಕಡಲೆ, ಬಿಳಿಜೋಳ, ಕುಸುಬಿ ಮನೆಗೆ ಬರುತ್ತವೆ. ಆದರೆ ಕಾಳು ತುಂಬುವ ಈ ಕಾಲದಲ್ಲಿಯೇ ಊಟದ ತಾಟಿನಲ್ಲಿ ಹಸಿರು ಕಡಿಮೆಯಾಗುತ್ತದೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹೊಲದಲ್ಲಿ ಕಡಲೆಯ ಕುಡಿ, ಎಳೆಯ ಕುಸುಬಿ ತಪ್ಪಲು, ಹಕ್ಕರಕಿ ಬೇಕಾದಷ್ಟು ಸಿಗುತ್ತವೆ. ಶಿವರಾತ್ರಿಗೆ ಕಡಲೆ ಒಣಗಿರುತ್ತದೆ, ಕುಸುಬಿ ಮುಳ್ಳಾಗಿರುತ್ತದೆ, ಹಕ್ಕರಕಿ ಬಲಿತು ಕಹಿಯಾಗಿರುತ್ತದೆ. ಅಲ್ಲಿಂದ ಯುಗಾದಿಯವರೆಗೆ ಬಹಳ ಮನೆಗಳಲ್ಲಿ ರೊಟ್ಟಿಗೆ ಬೇಳೆ ಮತ್ತು ಹಿಂಡಿಗಳೇ ಆಧಾರ.

ಒಮ್ಮೆ ಫಾಲ್ಗುಣದಲ್ಲಿ ಈ ಭಾಗದ ಒಬ್ಬ ರೈತರ ಹೊಲಕ್ಕೆ ಹೋಗಿದ್ದೆ. ಬಾವಿಯ ನೀರಿನಲ್ಲಿ ಐದು ಗುಂಟೆ ಮೆಂತ್ಯ ಪಲ್ಲೆ ಬೆಳೆದಿದ್ದರು. ನಸುಕಿನಲ್ಲಿಯೇ ಕಿತ್ತು ಸಿವುಡು ಕಟ್ಟಿ ಪೇಟೆಗೆ ಕಳಿಸಿದ್ದರು. ಮಧ್ಯಾಹ್ನ ಪ್ರೀತಿಯಿಂದ ಊಟಕ್ಕೆ ಕರೆದರು. ರೊಟ್ಟಿ, ಬೇಳೆ, ಶೇಂಗಾ ಹಿಂಡಿ ಇದ್ದವು. ಮೆಂತ್ಯದ ಒಂದು ಎಲೆಯೂ ಇರಲಿಲ್ಲ. ಆ ಮನೆಯ ಸೊಸೆ ಬಸುರಿ. ಆಸ್ಪತ್ರೆಯಲ್ಲಿ ರಕ್ತ ಕಡಿಮೆ ಇದೆಯೆಂದು ಹೇಳಿ ಗುಳಿಗೆ ಕೊಟ್ಟಿದ್ದರು. ಎಲ್ಲರ ಊಟವಾದ ಮೇಲೆ ಅವಳು ಉಳಿದ ಬೇಳೆಗೆ ನೀರು ಬೆರೆಸಿ ಉಂಡಳು. ಬೆಳೆದವರ ಮನೆಯಲ್ಲಿಯೇ ಬೆಳೆ ಇಲ್ಲದ ಈ ಸ್ಥಿತಿ ಒಂದೇ ಮನೆಯದಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಪ್ರತಿ 100 ಸ್ತ್ರೀಯರಲ್ಲಿ 57 ಜನರಿಗೆ ರಕ್ತಹೀನತೆ ಇದೆ. ವೈದ್ಯರು ಕೊಟ್ಟ ಗುಳಿಗೆಯನ್ನು ತಪ್ಪದೆ ತೆಗೆದುಕೊಳ್ಳಬೇಕು. ಅದರ ಜೊತೆಗೆ ದಿನಕ್ಕೆ ತಲೆಗೆ 100 ಗ್ರಾಂ ತಪ್ಪಲು ಪಲ್ಲೆ ಮನೆಯಲ್ಲಿ ಉಳಿಯುವಂತೆ ಮಾಡುವುದು ನಿಮ್ಮ ಕೈಯಲ್ಲಿದೆ.

ನಾಲ್ಕು ಮಡಿಗಳ ಲೆಕ್ಕ

ಐದು ಜನರ ಮನೆಗೆ ದಿನಕ್ಕೆ ಅರ್ಧ ಕಿಲೋ ಪಲ್ಲೆ ಬೇಕು. 10 ಅಡಿ ಉದ್ದ, 4 ಅಡಿ ಅಗಲದ ಒಂದು ಮಡಿಯಲ್ಲಿ ಸುಮಾರು 3 ಕಿಲೋ ಮೆಂತ್ಯ ಪಲ್ಲೆ ಬರುತ್ತದೆ. ಎಂದರೆ ಒಂದು ಮಡಿ ಹೆಚ್ಚುಕಡಿಮೆ ಒಂದು ವಾರಕ್ಕೆ ಸಾಕು. ಬಿತ್ತಿದ 25-30 ದಿನಕ್ಕೆ ಮೆಂತ್ಯ ಕೀಳಲು ಬರುವುದರಿಂದ ನಾಲ್ಕು ಮಡಿಗಳಿದ್ದರೆ ಸರದಿ ತಪ್ಪುವುದಿಲ್ಲ.

ಮೊದಲನೆಯ ಮಡಿಯನ್ನು ಸಂಕ್ರಮಣದ ವಾರದಲ್ಲಿ ಬಿತ್ತಿರಿ. ಮುಂದೆ ವಾರಕ್ಕೊಂದು ಮಡಿ ಬಿತ್ತಿರಿ. ಪ್ರತಿ ಮಡಿಗೆ ಚೆನ್ನಾಗಿ ಕಳಿತ ಎರಡು ಬುಟ್ಟಿ ತಿಪ್ಪೆ ಗೊಬ್ಬರ ಬೆರೆಸಿರಿ. ಸುಮಾರು 40 ಗ್ರಾಂ ಮೆಂತ್ಯ ಬೀಜವನ್ನು ರಾತ್ರಿ ನೆನೆಸಿಟ್ಟು ಸಾಲಿನಲ್ಲಿ ಹಾಕಿರಿ. ಮಡಿಯ ಅಂಚಿಗೆ ಮೂಲಂಗಿ ಬೀಜ ಊರಿರಿ. ಅದರ ಗಡ್ಡೆಯೂ ತಪ್ಪಲೂ ಉಪಯೋಗಕ್ಕೆ ಬರುತ್ತವೆ. ಫೆಬ್ರುವರಿಯ ಕೊನೆಗೆ ಬಿಸಿಲು ಏರಿದಂತೆ ಮೆಂತ್ಯ ಬೇಗ ಹೂವಿಗೆ ಬರುತ್ತದೆ. ಆದ್ದರಿಂದ ಆಗ ತೆರವಾದ ಮಡಿಗಳಲ್ಲಿ ಬಿಸಿಲು ತಾಳುವ ರಾಜಗಿರಿಯನ್ನು ಬಿತ್ತಿರಿ. ಅದರ ಬೀಜ ಬಹಳ ಸಣ್ಣದು. ಮಡಿಗೆ ಅರ್ಧ ಚಮಚ ಬೀಜವನ್ನು ಉಸುಕಿನಲ್ಲಿ ಬೆರೆಸಿ ಚೆಲ್ಲಿದರೆ ಸಾಕು.

ನೀರಿನ ಚಿಂತೆ ಸಹಜವೇ. ಸವದತ್ತಿ, ರಾಮದುರ್ಗದ ಕಡೆ ಫಾಲ್ಗುಣದಲ್ಲಿ ಬಾವಿಗಳು ಇಳಿಯುತ್ತವೆ. ಆದರೆ ನಾಲ್ಕೂ ಮಡಿಗಳಿಗೆ ಕೂಡಿ ದಿನಕ್ಕೆ ಸುಮಾರು 80 ಲೀಟರ್ ನೀರು ಸಾಕಾಗುತ್ತದೆ. ಕಾಳು, ಅಕ್ಕಿ, ಕಾಯಿಪಲ್ಲೆ ತೊಳೆದ ನೀರನ್ನು ಹಿಡಿದಿಟ್ಟರೆ ಅದರಲ್ಲಿ ಒಂದು ಪಾಲು ಅಲ್ಲಿಯೇ ಸಿಗುತ್ತದೆ. ಬಚ್ಚಲದ ಸಾಬೂನು ನೀರನ್ನು ಮಾತ್ರ ಹಸಿಯಾಗಿ ತಿನ್ನುವ ಪಲ್ಲೆಗೆ ಬಿಡಬೇಡಿರಿ. ಅದು ನುಗ್ಗಿ ಗಿಡಕ್ಕೆ, ಬಾಳೆಗೆ ಹೋಗಲಿ. ಮಡಿಗಳ ಪಡುವಣಕ್ಕೆ ತೊಗರಿ ಕಟ್ಟಿಗೆಯ ತಟ್ಟಿ ನಿಲ್ಲಿಸಿದರೆ ಮಧ್ಯಾಹ್ನದ ಬಿಸಿಲಿನ ಹೊಡೆತ ತಗ್ಗುತ್ತದೆ.

ಪಲ್ಲೆ ಕೀಳುವ ಮುಂಚಿನ ವಾರದಲ್ಲಿ ಯೂರಿಯಾ ಕೊಡಬೇಡಿರಿ. ಹೆಚ್ಚಾದ ಸಾರಜನಕ ಎಲೆಯಲ್ಲಿ ನೈಟ್ರೇಟ್ ರೂಪದಲ್ಲಿ ನಿಲ್ಲುತ್ತದೆ. ಎಲೆ ಕಪ್ಪು ಹಸಿರಾಗಿ ಕಂಡರೂ ಅದು ಆರೋಗ್ಯಕ್ಕೆ ಹಿತವಲ್ಲ.

ಸಿಂಪರಣೆಯ ಎಚ್ಚರಿಕೆ

ಇದು ಎಲ್ಲಕ್ಕಿಂತ ಮಹತ್ವದ ಮಾತು. ಕಡಲೆಯ ಕಾಯಿಕೊರಕಕ್ಕೆ ಔಷಧಿ ಹೊಡೆದ ಹೊಲದಿಂದಲೇ ಮರುದಿನ ಕುಡಿ ಚಿವುಟಿ ತರುವ ರೂಢಿ ಕೆಲವೆಡೆ ಇದೆ. ಗಂಡಸರು ಹೊಡೆದದ್ದು ಹೆಂಗಸರಿಗೆ ಗೊತ್ತಿರುವುದಿಲ್ಲ. ಹೊಡೆದ ದಿನವೇ ಮನೆಯಲ್ಲಿ ತಿಳಿಸಿರಿ. ಬದುವಿನ ಮೇಲೆ ಒಂದು ಕೆಂಪು ಅರಿವೆ ಕಟ್ಟಿರಿ. ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಮುಗಿಯುವವರೆಗೆ ಆ ಬೆಳೆಯಿಂದ ಎಲೆಯಾಗಲಿ ಕಾಯಿಯಾಗಲಿ ತರಬಾರದು. ಅಲ್ಲಿ ಕಳೆಯಾಗಿ ಬೆಳೆದ ಹಕ್ಕರಕಿಯ ಮೇಲೂ ಅದೇ ವಿಷ ಬಿದ್ದಿರುತ್ತದೆಂಬುದನ್ನು ಮರೆಯಬೇಡಿರಿ.

ಡಬ್ಬಿಯ ಮೇಲಿನ ಬಣ್ಣದ ಗುರುತನ್ನೂ ನೋಡಿರಿ. ಕೆಂಪು ಅತಿ ಘೋರ ವಿಷದ ಗುರುತು. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಮೊನೊಕ್ರೋಟೊಫಾಸ್ ಔಷಧಿಯನ್ನು ಕಾಯಿಪಲ್ಲೆಗಳ ಮೇಲೆ ಬಳಸುವುದನ್ನು ಸರಕಾರ 2005ರಲ್ಲಿಯೇ ನಿಷೇಧಿಸಿದೆ. ಮನೆಯ ಮಡಿಗಳಿಗೆ ಇಂಥ ಯಾವುದೂ ಬೇಡ. ಹೇನು, ಸಣ್ಣ ಹುಳು ಕಂಡರೆ ಶೇಕಡಾ 5ರ ಬೇವಿನ ಬೀಜದ ಕಷಾಯ ಸಾಕು. 500 ಗ್ರಾಂ ಬೀಜದ ಪುಡಿಯನ್ನು ಅರಿವೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡಿ, ಸೋಸಿ, 10 ಲೀಟರ್ ಮಾಡಿಕೊಂಡು ಸಂಜೆ ಸಿಂಪಡಿಸಿರಿ.

ಅಡುಗೆಮನೆಯಲ್ಲಿ

ಹಸಿ ಮೆಂತ್ಯ ಪಲ್ಲೆಯ 100 ಗ್ರಾಂನಲ್ಲಿ ಸುಮಾರು 50 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ. ವಯಸ್ಕ ಸ್ತ್ರೀಗೆ ದಿನಕ್ಕೆ ಬೇಕಾದದ್ದು 65 ಮಿಲಿಗ್ರಾಂ. ಆದರೆ ಈ ಜೀವಸತ್ವ ನೀರಿನಲ್ಲಿ ಕರಗುತ್ತದೆ, ಕಾವಿಗೆ ನಾಶವಾಗುತ್ತದೆ, ಬಾಡಿದಂತೆ ಇಳಿಯುತ್ತದೆ. ಆದ್ದರಿಂದ:

1. ಅಡುಗೆಗೆ ಬೇಕಾದಷ್ಟನ್ನೇ ಆಯಾ ಹೊತ್ತಿಗೆ ಕೀಳಿರಿ.
2. ಮೊದಲು ಎರಡು-ಮೂರು ನೀರಿನಲ್ಲಿ ತೊಳೆಯಿರಿ, ಆಮೇಲೆ ಹೆಚ್ಚಿರಿ. ಹೆಚ್ಚಿದ ಮೇಲೆ ತೊಳೆದರೆ ಸತ್ವ ಮೋರಿಗೆ ಹೋಗುತ್ತದೆ.
3. ಮುಚ್ಚಳ ಮುಚ್ಚಿ ಸ್ವಲ್ಪವೇ ನೀರಿನಲ್ಲಿ ಬೇಗ ಬೇಯಿಸಿರಿ. ಬೆಂದ ನೀರನ್ನು ಬಸಿಯಬೇಡಿರಿ. ಸೋಡಾ ಹಾಕಬೇಡಿರಿ.
4. ಪಲ್ಲೆಯೊಂದಿಗೆ ಲಿಂಬೆಹುಳಿ ಇರಲಿ. ತಪ್ಪಲಿನಲ್ಲಿಯ ಕಬ್ಬಿಣಾಂಶ ಮೈಗೆ ಹತ್ತಲು ಹುಳಿಯಲ್ಲಿಯ ಸಿ ಜೀವಸತ್ವ ನೆರವಾಗುತ್ತದೆ. ಊಟವಾದ ಕೂಡಲೇ ಕುಡಿಯುವ ಚಹಾ ಇದಕ್ಕೆ ಅಡ್ಡಿ. ಒಂದು ತಾಸು ಬಿಟ್ಟು ಕುಡಿಯಿರಿ.
5. ಸ್ವಲ್ಪ ಎಣ್ಣೆ ಇರಲಿ. ಕಣ್ಣಿಗೆ ಬೇಕಾದ ಎ ಜೀವಸತ್ವದ ಮೂಲವಾದ ಕೆರೊಟಿನ್ ಎಣ್ಣೆ ಇದ್ದರೆ ಚೆನ್ನಾಗಿ ಹೀರಲ್ಪಡುತ್ತದೆ.

ಇವೆಲ್ಲ ನಮ್ಮ ಹಿರಿಯರ ಪಚಡಿಯಲ್ಲಿಯೇ ಅಡಗಿವೆ. ಒಂದು ಸಿವುಡು ಎಳೆಯ ಮೆಂತ್ಯ, ಒಂದು ಮೂಲಂಗಿ, ತಪ್ಪಲು ಸಹಿತ ಎರಡು ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಿರಿ. ಒಂದು ಮುಷ್ಟಿ ಹುರಿದ ಶೇಂಗಾ ಪುಡಿ, ಉಪ್ಪು, ಖಾರಪುಡಿ, ಒಂದು ಚಮಚ ಎಣ್ಣೆ ಕಲಸಿ, ಉಣ್ಣುವ ಹೊತ್ತಿಗೆ ಲಿಂಬೆ ಹಿಂಡಿರಿ. ಒಲೆ ಹೊತ್ತಿಸುವ ಕೆಲಸವೇ ಇಲ್ಲ.

ಬಲಿತ ಮೂಲಂಗಿ ತಪ್ಪಲು, ರಾಜಗಿರಿ ಅಥವಾ ನುಗ್ಗಿ ತಪ್ಪಲು ಇದ್ದರೆ ಮುದ್ದಿಪಲ್ಯ ಮಾಡಿರಿ. ತೊಗರಿಬೇಳೆಯನ್ನು ಮೊದಲು ಬೇಯಿಸಿಕೊಂಡು, ತಪ್ಪಲನ್ನು ಕೊನೆಗೆ ಹಾಕಿ ಮೆತ್ತಗಾದೊಡನೆ ಇಳಿಸಿರಿ. ಬಳ್ಳೊಳ್ಳಿಯ ಒಗ್ಗರಣೆ ಕೊಡಿರಿ. ಬಿಳಿಜೋಳದ ರೊಟ್ಟಿಯಲ್ಲಿ ಲೈಸಿನ್ ಎಂಬ ಸಸಾರಜನಕದ ಅಂಶ ಕಡಿಮೆ. ಬೇಳೆ ಅದನ್ನು ತುಂಬಿಕೊಡುತ್ತದೆ. ರೊಟ್ಟಿ, ಬೇಳೆ, ತಪ್ಪಲು ಮೂರೂ ಕೂಡಿದರೆ ಊಟ ಪೂರ್ಣವಾಗುತ್ತದೆ.

ಬೀಜ, ಸಸಿ, ಸಲಹೆ ಬೇಕಾದವರು ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿಯಾಗಲಿ, ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿಯಾಗಲಿ ವಿಚಾರಿಸಿರಿ.

ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ಪಡ್ಡಲಗಿ ತುಂಬುವಾಗ ಪಲ್ಯವಿಲ್ಲದೆ ನಾವು ಎಡೆ ಹಿಡಿಯುವುದಿಲ್ಲ. ದೇವಿಗೆ ಸಲ್ಲುವ ಪಲ್ಯ ಮನೆಯ ಹೆಣ್ಣುಮಕ್ಕಳಿಗೂ ನಿತ್ಯ ಸಲ್ಲಲಿ. ನಾಳೆ ಪೇಟೆಗೆ ಪಲ್ಲೆ ಕಟ್ಟುವಾಗ ಮೊದಲನೆಯ ಸಿವುಡನ್ನು ಒಳಗೆ ಕಳಿಸಿ, ಎರಡನೆಯದನ್ನು ಬುಟ್ಟಿಗೆ ಹಾಕಿರಿ.