ಕೂರಿಗೆ ಕಟ್ಟಿದ ಬಡಿಗರು



ಮೇ 1 ಕಾರ್ಮಿಕರ ದಿನ. ಕಥೋಲಿಕ ಧರ್ಮಸಭೆಗೆ ಅದು ಶ್ರಮಜೀವಿ ಸಂತ ಜೋಸೆಫರ ಹಬ್ಬವೂ ಹೌದು. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಅವರು ಇದನ್ನು ಸ್ಥಾಪಿಸಿದರು. ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿ ಹುಡುಕಿದರೂ ಜೋಸೆಫರು ಆಡಿದ ಒಂದು ಮಾತೂ ದೊರೆಯದು. ಊರವರು ಅವರನ್ನು ನೆನೆದದ್ದು ಕಸುಬಿನಿಂದ. ಯೇಸುಸ್ವಾಮಿಯನ್ನು ಅವರು ಗುರುತಿಸಿದ್ದು ಬಡಿಗನ ಮಗನೆಂದೇ.

ಈ ಹಬ್ಬ ಬಂದಾಗಲೆಲ್ಲ ನಮಗೆ ಕೊಪ್ಪಳ ತಾಲ್ಲೂಕಿನ ಅಳವಂಡಿಯ ಒಬ್ಬ ಬಡಿಗರು ನೆನಪಾಗುತ್ತಾರೆ. ಅವರು ನಮ್ಮ ಧರ್ಮಸಭೆಯವರಲ್ಲ. ಹೆಸರು ಅಚ್ಚಾಗುವುದನ್ನು ಬಯಸಿದವರೂ ಅಲ್ಲ; ಆದುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಅಳವಂಡಿ ಸೀಮೆಯದು ಎರೆಭೂಮಿ, ಮಳೆಯನ್ನೇ ನಂಬಿದ ಬೇಸಾಯ. ಅಲ್ಲಿ ಕೂರಿಗೆ ಕಟ್ಟುವುದು ಬರಿಯ ಮರಗೆಲಸವಲ್ಲ. ದಿಂಡಿಗೆ ತಾಳುಗಳನ್ನು ಕೂಡಿಸುವಾಗ ಅವುಗಳ ನಡುವಣ ಅಂತರ ತಪ್ಪಬಾರದು. ತಪ್ಪಿದರೆ ಬಿತ್ತುವ ದಿನ ಯಾರಿಗೂ ತಿಳಿಯದು. ಪೈರು ಎದ್ದ ಮೇಲೆ ಸಾಲುಗಳ ನಡುವೆ ಎಡೆಗುಂಟೆ ಹಾಯಿಸುವಾಗ ಕಳೆಯೊಂದಿಗೆ ಬೆಳೆಯೂ ಕೊಯ್ದುಹೋಗುತ್ತದೆ. ತಪ್ಪು ಬಡಿಗನದು, ನಷ್ಟ ರೈತನದು. ಇದನ್ನು ಅರಿತಿದ್ದ ಅವರು ಜಾಲಿಯ ಮರವನ್ನು ಬಾಚಿಯಿಂದ ಕೆತ್ತಿ, ಉಳಿಯಿಂದ ತೂತು ತೆಗೆದು, ಪ್ರತಿಯೊಂದು ಕೂರಿಗೆಯನ್ನೂ ಮೂರು ಸಲ ಅಳೆದೇ ಹೊಲಕ್ಕೆ ಕಳುಹಿಸುತ್ತಿದ್ದರು.

ವರ್ಷವಿಡೀ ರೈತರ ಕೂರಿಗೆ, ಕುಂಟೆ, ಬಂಡಿಗಳನ್ನು ಸರಿಪಡಿಸಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಜೋಳ ತರುವುದು ಹಿಂದಿನ ಕಟ್ಟಳೆ. 1972ರ ಬರದಲ್ಲಿ ಕಣಗಳೇ ಬರಿದಾದವು. ಬರ ಕಳೆದು ಬೆಳೆ ಬಂದಾಗ ರೈತರೊಬ್ಬರು ಎರಡು ವರ್ಷದ ಆಯವನ್ನು ಒಟ್ಟಿಗೆ ಅಳೆದುಕೊಟ್ಟರಂತೆ. ಚೀಲಗಳನ್ನು ಕಂಡ ಮಡದಿ, "ಬರದಾಗ ಅವರ ಕಣದಾಗ ಕಾಳ ಇರಲಿಲ್ಲ, ನಮ್ಮ ಆಯ ಎಲ್ಲಿಂದ ಬಂತು?" ಎಂದು ಕೇಳಿದರು. ಅರ್ಧ ಜೋಳ ಅಂದೇ ಹಿಂದಕ್ಕೆ ಹೋಯಿತು. ಇದನ್ನು ಕೇಳಿದಾಗ ನಮಗೆ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನವರ ಮನೆ ನೆನಪಾಯಿತು. ಪತಿ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮನವರು ಹಿಂದಿರುಗಿಸಲು ಹೇಳಿದ ಕಥೆಯನ್ನು ಅರಿಯದವರು ನಮ್ಮ ನಾಡಿನಲ್ಲಿ ವಿರಳ.

ಮಕ್ಕಳ ಓದಿಗಾಗಿ ಅವರು ಸುಗ್ಗಿಯ ನಂತರ ಬೇರೆ ಊರುಗಳಿಗೆ ಬಾಗಿಲು, ಚೌಕಟ್ಟಿನ ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಎಷ್ಟೇ ತಡವಾದರೂ ರಾತ್ರಿಯ ರೊಟ್ಟಿ ಮನೆಯಲ್ಲಿ, ಎಲ್ಲರೊಡನೆ. ಉಳಿದ ಮರದ ತುಂಡುಗಳಿಂದ ಮಕ್ಕಳಿಗೆ ಚಿಕ್ಕ ಬಂಡಿ ಮಾಡಿಕೊಡುವಾಗಲೂ ಎರಡು ಗಾಲಿಗಳನ್ನು ಅಳೆದು ನೋಡುತ್ತಿದ್ದರಂತೆ.

ಮುಂದೆ ಟ್ರ್ಯಾಕ್ಟರ್ ಬಂದಿತು. ಅದರ ಹಿಂದೆ ಕಬ್ಬಿಣದ ಕೂರಿಗೆಯೂ ಬಂದಿತು. ಮಗ ಗಿಣಿಗೇರಿ ಕಡೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆದರು. ಒಂದು ಸಂಜೆ ಬಡಿಗರು ನಮ್ಮನ್ನು ಕೇಳಿದರು: "ನಾ ಕಟ್ಟಿದ ಕೂರಿಗಿ ಎಲ್ಲಾ ಒಲಿಗೆ ಹೋದ್ವು ಸ್ವಾಮ್ಯಾರ. ಇಷ್ಟು ವರ್ಷ ನಾ ಮಾಡಿದ್ದು ಏನು?"

ನಾವು ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವರು. ವಸ್ತುವನ್ನು ನಿರ್ಮಿಸುವುದಕ್ಕೂ ಸದಾಚಾರದಿಂದ ನಡೆಯುವುದಕ್ಕೂ ಅರಿಸ್ಟಾಟಲ್ ಕಂಡ ಭೇದವನ್ನು ಹೇಳಿದೆವು. ದುಡಿಮೆಯ ಬೆಲೆ ಮೊದಲು ದುಡಿಯುವ ವ್ಯಕ್ತಿಯಲ್ಲಿದೆ, ತಯಾರಾದ ವಸ್ತುವಿನಲ್ಲಲ್ಲ ಎಂದು ಜಗದ್ಗುರು ಎರಡನೆಯ ಜಾನ್ ಪೌಲರು 1981ರ ವಿಶ್ವಪತ್ರದಲ್ಲಿ ಬೋಧಿಸಿದುದನ್ನೂ ವಿವರಿಸಿದೆವು. ಅವರು ಎಲ್ಲವನ್ನೂ ಕೇಳಿ ಚಹಾ ತರಿಸಿದರು. ನಮ್ಮ ಉತ್ತರ ಅವರನ್ನು ಮುಟ್ಟಲಿಲ್ಲವೆಂಬುದು ಆ ಚಹಾ ಕುಡಿಯುವಾಗಲೇ ನಮಗೆ ಗೊತ್ತಾಯಿತು.

ಅವರು ತೀರಿಕೊಂಡ ಮೇಲೆ ಮನೆಗೆ ಹೋದೆವು. ಕಾರ್ಖಾನೆಯಲ್ಲಿ ತಾವು ಪ್ರತಿಯೊಂದು ಕೆಲಸವನ್ನೂ ಮೂರು ಸಲ ಅಳೆಯುವುದನ್ನು ಕಂಡು ಜೊತೆಯವರು ನಗುತ್ತಾರೆಂದು ಮಗ ಹೇಳಿದರು. ಏಕೆ ಹಾಗೆ ಅಳೆಯುವಿರೆಂದು ಕೇಳಿದೆವು. "ಅಳತಿ ತಪ್ಪಿದ್ರ ನಮ್ಮದೇನೂ ಹೋಗೂದಿಲ್ಲ, ಇನ್ನೊಬ್ಬರ ಬೆಳಿ ಹೋಗ್ತೈತಿ ಅಂತಿದ್ರು ನಮ್ಮಪ್ಪ" ಎಂದರು.

ಅಂದು ನಾವು ಕೊಡಲಾರದ ಉತ್ತರ ಅವರ ಮನೆಯಲ್ಲಿಯೇ ಇತ್ತು. ಅದನ್ನು ಅವರಿಗೆ ತಿಳಿಸುವ ಭಾಗ್ಯ ಮಾತ್ರ ನಮಗೆ ಒದಗಲಿಲ್ಲ. ನಿಮ್ಮ ಊರಿನಲ್ಲೂ ವಯಸ್ಸಾದ ಬಡಿಗರು, ಕಮ್ಮಾರರು, ಸಿಂಪಿಗರು ಇದ್ದಾರು. ಅವರ ದುಡಿಮೆಯಿಂದ ನಿಮಗೆ ಆದ ಉಪಕಾರವನ್ನು, ಅವರು ಬದುಕಿರುವಾಗಲೇ, ಹೋಗಿ ಅವರಿಗೆ ಹೇಳಿರಿ.